ಒಂಬತ್ತು ಮಹಡಿಯ ಬಗೆಹರಿಯದ ಸಮಸ್ಯೆಗಳು

ತೊಲೆಗೆನ್‌ಗೆ ಮೂವತ್ತಾರನೇ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗುವ ಹುಮ್ಮಸ್ಸು ಬಂತು. ತಾಲ್ದಿಕೋರ್ಗಾನ್ ಎಂಬ ಊರಿನ ಶಾಲೆಯೊಂದರಲ್ಲಿ ಹನ್ನೆರಡು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದವನು ಒಂದು ದಿನ ಸೀಮೆಸುಣ್ಣ ಕೆಳಗಿಟ್ಟು, ಅಲ್ಮಾಟಿಯ ಬಸ್ಸು ಹತ್ತಿ, ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿಕೊಂಡ. ಆರಿಸಿಕೊಂಡ ವಿಷಯ ಗಣನೀಯತಾ ಸಿದ್ಧಾಂತ. ಠಿಕಾಣಿ ಹೂಡಿದ್ದು ಸೋದರತ್ತೆ ಕುಲ್ಯಾಷ್ ಅವರ ಮನೆಯಲ್ಲಿ, ಒಂಬತ್ತು ಮಹಡಿಯ ಹಳೆಯ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ.

ಯಂತ್ರವೊಂದು ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲದು, ಯಾವುದಕ್ಕೆ ಎಷ್ಟು ಯುಗ ಕೂತರೂ ಕೊಡಲಾರದು ಎಂಬುದನ್ನು ಈ ಶಾಸ್ತ್ರ ವಿಚಾರಿಸುತ್ತದೆ. ಅದಕ್ಕೆ ಬೇಕಾದದ್ದು ಪೆನ್ಸಿಲ್ಲು, ಕಾಗದ ಮತ್ತು ಬಹಳ ಗಟ್ಟಿಯಾದ ತಲೆ. ಆದರೆ ನೆಂಟರಿಷ್ಟರು ಇದನ್ನು ಕಂಪ್ಯೂಟರ್ ರಿಪೇರಿ ಎಂದು ತಿಳಿದರು. ಮೊದಲ ಚಳಿಗಾಲದಲ್ಲೇ ತೊಲೆಗೆನ್‌ನ ಕೋಣೆಗೆ ಮೂರು ಪ್ರಿಂಟರುಗಳೂ ಒಂದು ಮಾಂಸ ಅರೆಯುವ ಯಂತ್ರವೂ ಬಂದು ಕೂತವು. ತನಗೆ ಇದು ಬರುವುದಿಲ್ಲ ಎಂದು ಅವನು ಹೇಳಿದಷ್ಟೂ, ಎರಡು ವರ್ಷ ಓದಿದ ಮೇಲೆ ಬರುತ್ತದೆ ಬಿಡು ಎಂದು ಅವರು ಸಮಾಧಾನ ಹೇಳಿದರು.

ಇದು ಅವನ ಮಾನದ ಪ್ರಶ್ನೆಯಾಯಿತು. ಆದ್ದರಿಂದ ಮಾರ್ಚಿನಲ್ಲಿ ನೆಂಟರ ಮನೆಯ ಔತಣವೊಂದರಲ್ಲಿ, ಆಗತಾನೆ ಹೆಜ್ಜೆಯಿಡಲು ಕಲಿತ ಮಗುವಿನ ಕಾಲಿಗೆ ಶಾಸ್ತ್ರಕ್ಕೆಂದು ಕಟ್ಟಿದ ದಾರ ಕತ್ತರಿಸಿ ಎಲ್ಲರೂ ಊಟಕ್ಕೆ ಕೂತಾಗ, ಬೀಗರ ಪೈಕಿಯ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರು "ನೀನು ಓದ್ತಿರೋದು ಏನಪ್ಪ?" ಎಂದು ಕೇಳಿದ್ದೇ ತಡ, ತೊಲೆಗೆನ್ ಚಮಚ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಇಡೀ ಮೇಜಿಗೆ ಕೇಳುವಂತೆ ಹೇಳಿದ:

"ಪ್ರಪಂಚದಲ್ಲಿ ಯಾರ ಕೈಲೂ ಬಗೆಹರೀದೇ ಇರೋ ಸಮಸ್ಯೆಗಳು ಇರ್ತವಲ್ಲ, ಅವೇ ನನ್ನ ಕೆಲಸ."

ಮುಂದಿನ ವಾಕ್ಯವೂ ಸಿದ್ಧವಾಗಿತ್ತು. ಅವು ಬಗೆಹರಿಯುವುದಿಲ್ಲ ಎಂದು ಸಾಬೀತು ಮಾಡುವುದಷ್ಟೇ ತನ್ನ ಕೆಲಸ ಎಂದು ಅವನು ಹೇಳಬೇಕಿತ್ತು. ಆದರೆ ಸರಿಯಾಗಿ ಆ ಹೊತ್ತಿಗೆ ಬೇಯಿಸಿದ ಕುರಿತಲೆಯ ತಟ್ಟೆ ಒಳಗೆ ಬಂತು. ಹಿರಿಯರು ಚಾಕು ಕೈಗೆತ್ತಿಕೊಂಡು ಕಿವಿಯನ್ನು ಯಾರಿಗೆ, ಕಣ್ಣನ್ನು ಯಾರಿಗೆ ಎಂದು ಹಂಚುತ್ತಿರುವಾಗ ಗಣಿತದ ಎರಡನೇ ವಾಕ್ಯವನ್ನು ಯಾರೂ ಕೇಳುವುದಿಲ್ಲ. ಮೊದಲ ವಾಕ್ಯವೊಂದೇ ಔತಣ ಮುಗಿಸಿಕೊಂಡು, ಅತ್ತೆಯ ಜೊತೆ ಬಸ್ಸು ಹತ್ತಿ, ಕಟ್ಟಡಕ್ಕೆ ಬಂದು ಇಳಿಯಿತು.

ಮೊದಲು ಬಂದವರು ಐದನೇ ಮಹಡಿಯ ಕೊರಿಯನ್ ಹೆಂಗಸು ವೇರಾ ತ್ಸೊಯ್. ಅವರ ಬೆನ್ನಿಗೇ, ಮೆಟ್ಟಿಲಲ್ಲಿ ಅವರನ್ನು ನೋಡಿ ಸಂಶಯಪಟ್ಟು, ಆರನೇ ಮಹಡಿಯ ಬಾತಿಮಾ ಬಂದರು. ಇವರಿಬ್ಬರ ಜಗಳಕ್ಕೆ ಹನ್ನೆರಡು ವರ್ಷ ವಯಸ್ಸಾಗಿತ್ತು. ವೇರಾ ಅವರ ಅಡುಗೆಮನೆಯ ಸೂರು ಸೋರುತ್ತಿತ್ತು. ಅದು ಬಾತಿಮಾ ಮನೆಯ ನೀರು ಎಂದು ವೇರಾ. ತಮ್ಮ ಮನೆಯಲ್ಲಿ ಒಂದು ಹನಿಯೂ ಚೆಲ್ಲುವುದಿಲ್ಲ, ಆಕೆಯ ಉಪ್ಪಿನಕಾಯಿ ಜಾಡಿಗಳ ಹಬೆಯೇ ಸೂರಿಗೆ ಹತ್ತಿ ಇಳಿಯುತ್ತಿದೆ ಎಂದು ಬಾತಿಮಾ. ಅತ್ತೆ ಇಬ್ಬರಿಗೂ ಹಾಲು ಹಾಕಿದ ಚಹಾ ಕೊಟ್ಟು, ಮಧ್ಯೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೌರ್ಸಾಕುಗಳ ಬುಟ್ಟಿಯಿಟ್ಟು, ಸೋದರಳಿಯನನ್ನು ಪುಸ್ತಕದಿಂದ ಎಬ್ಬಿಸಿ ಕರೆತಂದರು.

"ನೀನು ನನ್ನ ಮಗ ಇದ್ದ ಹಾಗೆ," ಎಂದರು ವೇರಾ. "ನ್ಯಾಯ ಹೇಳ್ಬೇಡ. ನ್ಯಾಯ ಹೇಳೋರು ಬೇಕಾದಷ್ಟು ಜನ ಬಂದು ಹೋದ್ರು. ಬಗೆಹರಿಸು."

ತೊಲೆಗೆನ್‌ಗೆ ಮರುದಿನ ಪರೀಕ್ಷೆಯಿತ್ತು. ಇವರನ್ನು ಬೇಗ ಸಾಗಹಾಕುವುದೊಂದೇ ಅವನ ಆಸೆ. ಕಾಗದದ ಮೇಲೆ ಐದನೇ ಮಹಡಿ ಬರೆದ, ಆರನೆಯದು ಬರೆದ, ಮಧ್ಯೆ ಬಾಣ ಎಳೆದ. ನೀರು ಎಲ್ಲಿಂದ ಎಂದು ತಿಳಿಯಬೇಕಾದರೆ ಗೋಡೆಯೊಳಗಿನದು ತಿಳಿಯಬೇಕು, ಗೋಡೆಯೊಳಗಿನದು ತಿಳಿಯಬೇಕಾದರೆ ನೀರು ಎಲ್ಲಿಂದ ಎಂದು ಮೊದಲೇ ಗೊತ್ತಿರಬೇಕು ಎಂದು ಏನೇನೋ ಹೇಳಿ, ಕೊನೆಗೆ ಪೆನ್ಸಿಲ್ ಕೆಳಗಿಟ್ಟು, ಇದು ಬಗೆಹರಿಯದ ಸಮಸ್ಯೆ ಎಂದು ಘೋಷಿಸಿದ. ತನ್ನ ಕೈಲಿ ಮಾತ್ರವಲ್ಲ, ಅಮೆರಿಕದವರ ಕೈಲೂ ಆಗುವುದಿಲ್ಲ ಎಂದ.

ಇಬ್ಬರೂ ಸಿಟ್ಟಾಗಿ ಎದ್ದು ಹೋಗುತ್ತಾರೆಂದು ಅವನ ಎಣಿಕೆ. ಆದರೆ ವೇರಾ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು. ಬಾತಿಮಾ ಉದ್ದಕ್ಕೆ ಉಸಿರು ಬಿಟ್ಟರು. ಹನ್ನೆರಡು ವರ್ಷದಿಂದ ಇಬ್ಬರ ಎದೆಯಲ್ಲೂ ಒಂದೇ ಭಯವಿತ್ತು: ಎಲ್ಲಿ ಆಕೆಯೇ ಸರಿ ಎಂದಾಗಿಬಿಡುತ್ತದೋ ಎಂದು. ಈಗ ವಿಜ್ಞಾನವೇ ಆ ಬಾಗಿಲಿಗೆ ಬೀಗ ಜಡಿದಿತ್ತು. ಬಾತಿಮಾ ತಾವಾಗಿಯೇ ಬೌರ್ಸಾಕಿನ ಬುಟ್ಟಿಯನ್ನು ವೇರಾ ಕಡೆ ಸರಿಸಿದರು. ವೇರಾ ಒಂದು ತೆಗೆದುಕೊಂಡು, ಕ್ಯಾರೆಟ್ ಉಪ್ಪಿನಕಾಯಿ ಬೇಕಾದರೆ ನಾಳೆ ಒಂದು ಡಬ್ಬಿ ಕೊಡುತ್ತೇನೆ ಎಂದರು.

ಅಲ್ಲಿಂದ ಮುಂದೆ ತೊಲೆಗೆನ್‌ನ ಖ್ಯಾತಿಗೆ ತಡೆಯೇ ಇಲ್ಲದಂತಾಯಿತು. ಎರಡನೇ ಮಹಡಿಯ ಅಣ್ಣತಮ್ಮಂದಿರು ಒಂದು ಗ್ಯಾರೇಜಿನ ವಿಷಯವಾಗಿ ಬಂದರು. ಮೂರನೇ ಮಹಡಿಯ ಗಂಡಹೆಂಡತಿ, ಹೊಸವರ್ಷಕ್ಕೆ ಯಾರ ತವರಿಗೆ ಹೋಗುವುದು ಎಂದು ಕೇಳಿಕೊಂಡು ಬಂದರು. ಎಲ್ಲರಿಗೂ ಒಂದೇ ಉತ್ತರ, ಎಲ್ಲರೂ ತೃಪ್ತಿಯಿಂದ ಕೈಕುಲುಕಿ ಹೋದರು. ಅತ್ತೆ ಬಾಗಿಲಲ್ಲಿ ನಿಂತು ಸರದಿ ನೋಡಿಕೊಂಡರು. ನಾಲ್ಕು ಮಹಡಿಗಿಂತ ಮೇಲೆ ಹತ್ತಿ ಬಂದವರಿಗೆ ಮೊದಲು ನೀರು, ಆಮೇಲೆ ಚಹಾ. ಏಕೆಂದರೆ ಕಟ್ಟಡದ ಲಿಫ್ಟು ಎಂಟು ತಿಂಗಳಿಂದ ನಿಂತುಹೋಗಿತ್ತು.

ಈ ಲಿಫ್ಟೇ ತೊಲೆಗೆನ್‌ನ ಗ್ರಹಚಾರ. ನಾಲ್ಕನೇ ಮಹಡಿಯ ಝುಮಾಬೆಕ್ ನಿವಾಸಿಗಳ ಸಂಘದ ಅಧ್ಯಕ್ಷರು. ಕೋಟಿನ ಜೇಬಿನಲ್ಲಿ ಸದಾ ಒಣಮೊಸರಿನ ಕುರ್ತ್ ಉಂಡೆಗಳು. ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ ಒಂದನ್ನು ಬಾಯಿಗೆಸೆದುಕೊಂಡುಬಿಡುವರು. ಕಲ್ಲಿನಂಥ ಆ ಉಂಡೆ ಕರಗುವವರೆಗೆ ಕೇಳಿದವನೇ ಕಾದು ಹೋಗಬೇಕು. ಅಂಥವರು ಒಂದು ಮಧ್ಯಾಹ್ನ ಬರಿಬಾಯಲ್ಲಿ ಬಂದು ಕೂತು, ಲಿಫ್ಟಿನ ಬಗ್ಗೆ ವಿಜ್ಞಾನದ ಅಭಿಪ್ರಾಯವೇನು ಎಂದು ಬಹಳ ವಿನಯದಿಂದ ಕೇಳಿದರು.

ತೊಲೆಗೆನ್ ಮೊದಲು ಇದು ತನಗೆ ಬೇಡವೆಂದು ಕೈಯಲ್ಲಾಡಿಸಿದ. ಆದರೆ ಆ ವಾರವಷ್ಟೇ ತರಗತಿಯಲ್ಲಿ ನಿಲ್ಲುವ ಯಂತ್ರ, ನಿಲ್ಲದ ಯಂತ್ರ ಎಂಬ ಪಾಠ ನಡೆದಿತ್ತು. ಹೊಸದಾಗಿ ಕಲಿತದ್ದು ಮನುಷ್ಯನ ಬಾಯಲ್ಲಿ ಸುಮ್ಮನೆ ಕೂರುವುದಿಲ್ಲ.

"ನೀವು ಗುಂಡಿ ಒತ್ತಿ ಕಾಯ್ತೀರಿ," ಎಂದ. "ಲಿಫ್ಟು ಬಂತು ಅಂದ್ರೆ, ಬಂತು ಅಂತ ಗೊತ್ತಾಗತ್ತೆ. ಬರ್ಲಿಲ್ಲ ಅಂತಿಟ್ಕೊಳಿ. ಎಷ್ಟೇ ಹೊತ್ತು ಕಾದ್ರೂ, ಇನ್ನು ಬರೋದೇ ಇಲ್ಲ ಅಂತ ಯಾವ ಕ್ಷಣದಲ್ಲೂ ಹೇಳಕ್ಕಾಗಲ್ಲ. ಮುಂದಿನ ನಿಮಿಷಕ್ಕೇ ಬರಬಹುದಲ್ಲ."

ಝುಮಾಬೆಕ್ ಪ್ರತಿ ಅಕ್ಷರವನ್ನೂ ಬರೆದುಕೊಂಡು, ಕೆಳಗೆ ಸಹಿ ಹಾಕಿಸಿಕೊಂಡರು. ಮಾರನೆಯ ಬೆಳಿಗ್ಗೆ ಲಿಫ್ಟಿನ ಬಾಗಿಲ ಮೇಲೆ ಚೀಟಿಯೊಂದು ಕಾಣಿಸಿತು: ಲಿಫ್ಟು ಬರುವುದಿಲ್ಲವೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ ಎಂದು ವಿಶ್ವವಿದ್ಯಾಲಯದ ವಿದ್ವಾಂಸರು ಪರಿಶೀಲಿಸಿ ತಿಳಿಸಿರುವುದರಿಂದ, ಈ ವಿಷಯವಾಗಿ ದೂರು ಸ್ವೀಕರಿಸಲಾಗುವುದಿಲ್ಲ. ಅತ್ತೆ ಎರಡು ಚೀಲ ಆಲೂಗಡ್ಡೆ ಹಿಡಿದು ಅದರ ಮುಂದೆ ನಿಂತು ಪೂರ್ತಿ ಓದಿದರು. ಸೋದರಳಿಯನ ಹೆಸರು ದಪ್ಪಕ್ಷರದಲ್ಲಿತ್ತು. ಹೆಮ್ಮೆಯಿಂದ ನಾಲ್ಕು ಮಹಡಿ ಹತ್ತಿದರು. ಉಳಿದವನ್ನು ಹತ್ತುವಾಗ ಹೆಮ್ಮೆ ಸ್ವಲ್ಪ ಸ್ವಲ್ಪವಾಗಿ ಕರಗಿ, ಮನೆ ತಲುಪಿದಾಗ ಅವನ ಮುಖ ನೋಡದೆ ಚೀಲವನ್ನು ಅವನ ಪುಸ್ತಕದ ಮೇಲೇ ಇಟ್ಟರು.

ಆ ಚೀಟಿಯ ನಕಲು, ಕಟ್ಟಡದ ಉಳಿದ ಹತ್ತು ತೀರ್ಪುಗಳ ಪಟ್ಟಿಯ ಸಮೇತ, ಜಿಲ್ಲಾ ಕಚೇರಿಗೂ ಹೋಯಿತು. ಅಲ್ಲಿನ ದೂರು ವಿಭಾಗದಲ್ಲಿ ಎರ್ಮುಖಾನ್ ಎಂಬ ಅಧಿಕಾರಿಯಿದ್ದರು. ಇಪ್ಪತ್ತು ವರ್ಷದಿಂದ ಅವರು ಎಲ್ಲ ದೂರುಗಳಿಗೂ 'ಪರಿಶೀಲನೆಯಲ್ಲಿದೆ' ಎಂದು ಬರೆಯುತ್ತ ಬಂದಿದ್ದರು. ಆದರೆ ಪರಿಶೀಲನೆಯಲ್ಲಿರುವುದು ಎಂದಾದರೂ ಹೊರಬರಬೇಕಲ್ಲ, ಆ ಚಿಂತೆ ಅವರ ಕೂದಲನ್ನು ಉದುರಿಸಿತ್ತು. ಈ ಚೀಟಿ ಓದಿ ಅವರಿಗೆ ದಾರಿ ಕಂಡಿತು. ತಮ್ಮ ಕೈಯಾರೆ ಒಂದು ನಮೂನೆ ತಯಾರಿಸಿದರು: 'ಬಗೆಹರಿಯದಿರುವಿಕೆಯ ಪ್ರಮಾಣಪತ್ರ.' ಕೊರತೆಯಿದ್ದದ್ದು ಮೊಹರು ಒಂದೇ. ಅದಕ್ಕಾಗಿ ಟೈ ಕಟ್ಟಿಕೊಂಡು, ಒಂದು ಪೆಟ್ಟಿಗೆ ಚಾಕೊಲೇಟು ಹಿಡಿದು, ನೇರವಾಗಿ ವಿಶ್ವವಿದ್ಯಾಲಯದ ಗಣಿತ ವಿಭಾಗಕ್ಕೇ ಬಂದರು.

ಬಾಗಿಲು ತೆರೆದವರು ನೈಲ್ಯಾ ರಶೀದೊವ್ನಾ, ತೊಲೆಗೆನ್‌ನ ಮಾರ್ಗದರ್ಶಕರು. ಅರವತ್ತೊಂದು ವರ್ಷದ, ಸಣ್ಣ ಆಕಾರದ, ಯಾರನ್ನೂ ಗದರದೆಯೇ ಎಲ್ಲರನ್ನೂ ನಡುಗಿಸಬಲ್ಲ ಹೆಂಗಸು. ಎರ್ಮುಖಾನ್ ತಮ್ಮ ನಮೂನೆಯನ್ನು ಮೇಜಿನ ಮೇಲೆ ಹರಡಿ, ಈ ಹನ್ನೊಂದು ಪ್ರಕರಣಗಳು ಈಗಾಗಲೇ ತೀರ್ಮಾನವಾಗಿವೆ, ಇನ್ನು ನಾನ್ನೂರು ಕಚೇರಿಯಲ್ಲಿವೆ, ದಯವಿಟ್ಟು ಮೊಹರು ಎಂದರು. ನೈಲ್ಯಾ ರಶೀದೊವ್ನಾ ಕನ್ನಡಕ ಹಾಕಿಕೊಂಡು ಹನ್ನೊಂದನ್ನೂ ಓದಿದರು. ಗ್ಯಾರೇಜು ಓದಿದರು, ತವರುಮನೆ ಓದಿದರು, ಲಿಫ್ಟನ್ನು ಎರಡು ಸಲ ಓದಿದರು. ಅತಿಥಿಗೆ ಚಹಾ ಬಗ್ಗಿಸಿ ಕೊಟ್ಟು, ವಿದ್ಯಾರ್ಥಿಗೆ ಹೇಳಿಕಳಿಸಿದರು.

"ತೊಲೆಗೆನ್," ಎಂದರು, "ನಾನು ಮೂವತ್ತು ವರ್ಷದಲ್ಲಿ ನಾಲ್ಕು ಸಮಸ್ಯೆ ಬಗೆಹರಿಯಲ್ಲ ಅಂತ ಸಾಬೀತು ಮಾಡಿದೀನಿ. ಒಂದೊಂದಕ್ಕೂ ಮುನ್ನೂರು ಪುಟ ಹಿಡೀತು. ನೀವು ಒಂದು ತಿಂಗಳಲ್ಲಿ ಹನ್ನೊಂದು ಮಾಡಿದೀರಿ. ಅದೂ ಚಹಾ ಕುಡೀತಾ."

ಎರ್ಮುಖಾನ್, ಹುಡುಗ ಬಹಳ ಚುರುಕು ಎಂದು ಒಳ್ಳೆಯ ಮನಸ್ಸಿನಿಂದ ಸೇರಿಸಿದರು.

ಮುಂದಿನ ವಾರ ಪ್ರಬಂಧದ ವಿಷಯ ಮಂಜೂರಾಗಬೇಕಿತ್ತು. ನೈಲ್ಯಾ ರಶೀದೊವ್ನಾ ಸಹಿಯಿಲ್ಲದಿದ್ದರೆ ಮತ್ತೆ ತಾಲ್ದಿಕೋರ್ಗಾನಿನ ಸೀಮೆಸುಣ್ಣವೇ ಗತಿ. ಗುರುವಾರದ ವಿಚಾರಗೋಷ್ಠಿಯಲ್ಲಿ ಲಿಫ್ಟಿನ ವಿಷಯವನ್ನು ಸಾಬೀತು ಮಾಡಬೇಕು, ಇಲ್ಲವೇ ಹನ್ನೊಂದನ್ನೂ ಅವರವರ ಎದುರೇ ಹಿಂತೆಗೆದುಕೊಳ್ಳಬೇಕು ಎಂದು ಅವರು ತೀರ್ಪು ಕೊಟ್ಟರು. ಚಾಕೊಲೇಟನ್ನು ಮಾತ್ರ ಇಟ್ಟುಕೊಂಡರು.

ಗುರುವಾರ ತೊಲೆಗೆನ್ ಹಲಗೆಯ ಮೇಲೆ ಅರ್ಧ ಗಂಟೆ ಬರೆದ. ಚಿಹ್ನೆಗಳು ಅಂದವಾಗಿದ್ದವು. ಹಿಂದಿನ ಸಾಲಿನವರು ತಲೆದೂಗಿದರು ಕೂಡ. ನೈಲ್ಯಾ ರಶೀದೊವ್ನಾ ಕೊನೆಯವರೆಗೆ ಕೇಳಿ, ಲಿಫ್ಟುಗಳು ಎಷ್ಟು ಎಂದು ವಿಚಾರಿಸಿದರು. ಒಂದು ಎಂದ.

"ಒಂದು ಲಿಫ್ಟು, ಒಂದು ಪ್ರಶ್ನೆ. ಸರಿ. ಇಲ್ಲಿ ಎರಡು ಯಂತ್ರ ಇಡೋಣ. ಒಂದು, ಏನು ಕೇಳಿದ್ರೂ 'ಬರುತ್ತೆ' ಅನ್ನತ್ತೆ. ಇನ್ನೊಂದು, ಏನು ಕೇಳಿದ್ರೂ 'ಬರಲ್ಲ' ಅನ್ನತ್ತೆ. ಎರಡರಲ್ಲಿ ಒಂದು ಸರಿಯಾದ ಉತ್ತರ ಕೊಡ್ತಿದೆಯೋ ಇಲ್ವೋ?"

"ಕೊಡ್ತಿದೆ."

"ಅಂದ್ಮೇಲೆ ಉತ್ತರ ಕೊಡೋ ಯಂತ್ರ ಇದೆ. ನಿಮ್ಮ ಸಮಸ್ಯೆ ಬಗೆಹರಿಯತ್ತೆ."

"ಆದರೆ ಎರಡರಲ್ಲಿ ಯಾವುದು ಅಂತ ಗೊತ್ತಾಗ್ಬೇಕಲ್ಲ?"

"ಅದು ಸಿದ್ಧಾಂತದ ಪ್ರಶ್ನೆ ಅಲ್ಲ. ಅದಕ್ಕೆ ಹೋಗಿ ಲಿಫ್ಟು ನೋಡ್ಬೇಕು," ಎಂದು ಅವರು ಹಲಗೆ ಒರೆಸಿದರು. ಕೊನೆಯಿರುವ ಯಾವುದೇ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆ; ನಮ್ಮ ಶಾಸ್ತ್ರ ಶುರುವಾಗುವುದು ಕೊನೆಯಿಲ್ಲದ ಕಡೆಯಿಂದ ಎಂದೂ, ಇದು ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆಯೆಂದೂ ಹೇಳಿದರು. ತೊಲೆಗೆನ್ ಎರಡನೇ ಅಧ್ಯಾಯದಿಂದ ಓದಲು ಶುರುಮಾಡಿದ್ದ.

ಶನಿವಾರ ಬೆಳಿಗ್ಗೆ ಕಟ್ಟಡದ ಅಂಗಳದ ಬೆಂಚುಗಳ ಮೇಲೆ ಎಲ್ಲ ಕಕ್ಷಿದಾರರೂ ಸೇರಿದರು. ಎದುರಿಗೆ ಹಿಮ ಹೊದ್ದ ಬೆಟ್ಟ, ಬೇಲಿಯ ಮೇಲೆ ಒಣಹಾಕಿದ ಜಮಖಾನೆಗಳು. ಎರ್ಮುಖಾನ್ ಹೊಸ ನಮೂನೆಗಳ ಕಟ್ಟಿನೊಂದಿಗೆ ಬಂದಿದ್ದರು. ನೈಲ್ಯಾ ರಶೀದೊವ್ನಾ ಕೈಚೀಲ ತೊಡೆಯ ಮೇಲಿಟ್ಟುಕೊಂಡು ತುದಿಯಲ್ಲಿ ಕೂತಿದ್ದರು. ತೊಲೆಗೆನ್ ಎದ್ದು ನಿಂತು, ತಾನು ಹೇಳಿದ್ದು ತಪ್ಪು, ನಿಮ್ಮೆಲ್ಲರ ಸಮಸ್ಯೆಗಳೂ ಬಗೆಹರಿಯುತ್ತವೆ ಎಂದು ತಿಳಿಸಿದ.

ಸಾವಿನ ಸುದ್ದಿ ಕೇಳಿದಂತೆ ಎಲ್ಲರ ಮುಖ ಬಾಡಿತು. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿದರು. ಮೂರನೇ ಮಹಡಿಯ ಗಂಡ, ಇಷ್ಟು ಬೇಗ ಯಾಕೆ, ಹೊಸವರ್ಷ ಕಳೆಯಲಿ ಎಂದು ಬೇಡಿಕೊಂಡ. ಒಂದು ತಿಂಗಳಿಂದ ಒಂದೇ ಬೆಂಚಿನಲ್ಲಿ ಅಂಟಿಕೊಂಡು ಕೂರುತ್ತಿದ್ದ ವೇರಾ, ಬಾತಿಮಾ ನಡುವೆ ಒಂದು ಮೊಳ ಅಂತರ ಬಿದ್ದಿತು.

"ಹಾಗಾದ್ರೆ ನಮ್ಮಿಬ್ಬರಲ್ಲಿ ಒಬ್ಬರದ್ದು ತಪ್ಪಿದೆ ಅಂತಾಯ್ತು," ಎಂದರು ವೇರಾ, ಎದುರಿನ ಬೆಟ್ಟ ನೋಡುತ್ತ.

ಎರ್ಮುಖಾನ್ ಅವನನ್ನು ಪಕ್ಕಕ್ಕೆ ಕರೆದರು. "ತಮ್ಮಾ, ಬಗೆಹರಿಯಲ್ಲ ಅಂದ್ರೆ ಒಂದೇ ಸಾಲು. ಬಗೆಹರಿಯತ್ತೆ ಅಂತ ಬರೆದ್ರೆ, ಯಾರು ಬಗೆಹರಿಸ್ಬೇಕು ಅಂತಾನೂ ಬರೀಬೇಕಾಗತ್ತೆ. ನನ್ನ ಗತಿ ನೋಡು."

ಆದರೆ ಅತ್ತೆಯ ಮೊಣಕಾಲು ಎಂಟು ತಿಂಗಳ ಮೆಟ್ಟಿಲುಗಳನ್ನು ಮರೆತಿರಲಿಲ್ಲ. ಬಗೆಹರಿಯುವುದಾದರೆ ಮೊದಲು ಲಿಫ್ಟೇ ಬಗೆಹರಿಯಲಿ, ಈಗಲೇ, ನಮ್ಮ ಕಣ್ಣೆದುರಿಗೇ ಎಂದು ಅವರು ಎದ್ದು ನಿಂತರು. ಎಲ್ಲರೂ ಝುಮಾಬೆಕ್ ಕಡೆ ತಿರುಗಿದರು. ಅವರು ಒಂದು ಕುರ್ತ್ ಬಾಯಿಗೆಸೆದುಕೊಂಡರು. ಯಂತ್ರದ ಕೋಣೆಯ ಬೀಗದಕೈ ಕಳೆದುಹೋಗಿದೆ ಎಂದು ಸನ್ನೆ ಮಾಡಿದರು. ಅದು ಅವರ ಸೊಂಟದಲ್ಲೇ ನೇತಾಡುತ್ತಿದೆ ಎಂದು ಬಾತಿಮಾ ತೋರಿಸಿಕೊಟ್ಟರು.

ತೊಲೆಗೆನ್‌ಗೆ ಲಿಫ್ಟಿನ ಗಂಧಗಾಳಿಯೂ ಇರಲಿಲ್ಲ. ಆದರೆ ಮೊದಲ ಅಧ್ಯಾಯವನ್ನು ಗುರುವಾರ ರಾತ್ರಿ ಓದಿ ಮುಗಿಸಿದ್ದ. ಒಂಬತ್ತು ಮಹಡಿ, ಒಂಬತ್ತು ಬಾಗಿಲು. ಯಾವುದಾದರೊಂದು ಸರಿಯಾಗಿ ಮುಚ್ಚದಿದ್ದರೂ ಲಿಫ್ಟು ಅಲುಗುವುದಿಲ್ಲ ಎಂದು ಯಂತ್ರದ ಕೋಣೆಯ ಗೋಡೆಯ ಮೇಲೇ ಬರೆದಿತ್ತು. ವಿದ್ಯುತ್ತು ತೆಗೆಸಿ, ಕೆಳಗಿನಿಂದ ಒಂದೊಂದೇ ಬಾಗಿಲು ನೋಡುತ್ತ ಹೊರಟ. ಹಿಂದೆ ಇಡೀ ಕಟ್ಟಡ ಮೆರವಣಿಗೆ ಹೊರಟಿತು. ಒಂದನೆಯದು ಮುಚ್ಚಿತ್ತು. ಎರಡು, ಮೂರು, ಅವೂ ಮುಚ್ಚಿದ್ದವು. ನಾಲ್ಕನೆಯದು ಕೂದಲೆಳೆಯಷ್ಟು ತೆರೆದಿತ್ತು. ಹೊಸ್ತಿಲ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ತೊಲೆಗೆನ್ ಪೆನ್ಸಿಲ್ಲಿನಿಂದ ಮೀಟಿ ತೆಗೆದು, ಅಂಗೈ ಮೇಲಿಟ್ಟು ಎಲ್ಲರಿಗೂ ತೋರಿಸಿದ. ಒಂದು ಕುರ್ತ್ ಉಂಡೆ. ಎಂಟು ತಿಂಗಳಾದರೂ ಒಂದು ಬಿರುಕೂ ಬಿಟ್ಟಿರಲಿಲ್ಲ.

ಝುಮಾಬೆಕ್ ತಮ್ಮ ಬಾಯಲ್ಲಿದ್ದುದನ್ನು ಕಷ್ಟಪಟ್ಟು ಒಂದು ದವಡೆಗೆ ಸರಿಸಿದರು.

"ಅದು ನಂದಲ್ಲ," ಎಂದರು. "ನಾನು ಉಪ್ಪು ಕಮ್ಮಿ ಇರೋದು ತಿನ್ನೋದು."

ಹಾಗಿದ್ದರೆ ರುಚಿ ನೋಡಿ ತೀರ್ಮಾನಿಸೋಣ ಎಂದು ಬಾತಿಮಾ ಸೂಚಿಸಿದರು. ಎರ್ಮುಖಾನ್ ವರದಿಯಲ್ಲಿ 'ಉಂಡೆಯಾಕಾರದ ಬಿಳಿ ವಸ್ತು, ಒಡೆತನ ಪರಿಶೀಲನೆಯಲ್ಲಿದೆ' ಎಂದು ಬರೆದು ಅಧ್ಯಕ್ಷರ ಮಾನ ಕಾಪಾಡಿದರು. ವಿದ್ಯುತ್ತು ಕೊಟ್ಟ ಕೂಡಲೇ ಲಿಫ್ಟು ಒಮ್ಮೆ ಕೆಮ್ಮಿ, ಮೈ ಕೊಡವಿ, ಮೇಲಕ್ಕೆ ಹೊರಟಿತು. ಆ ಹೊತ್ತು ಕಟ್ಟಡದಲ್ಲಿ ಯಾರೂ ಮನೆಗೆ ಹೋಗಲಿಲ್ಲ. ಸರದಿಯಲ್ಲಿ ನಿಂತು ಸುಮ್ಮನೆ ಮೇಲೆ ಹೋಗಿ ಸುಮ್ಮನೆ ಕೆಳಗೆ ಬಂದರು. ನೈಲ್ಯಾ ರಶೀದೊವ್ನಾ ಎರಡು ಸಲ ಹೋಗಿ ಬಂದರು.

ಈ ಉತ್ಸಾಹದಲ್ಲೇ ಸೋರುವ ಸೂರಿನ ಸರದಿ ಬಂತು. ವೇರಾ ಮನೆಯ ಗೋಡೆಯ ಹಲಗೆ ತೆಗೆದು ನೋಡಿದರೆ ಕೊಳಾಯಿಯ ಹೊರಮೈಗುಂಟ ನೀರು ಮೇಲಿನಿಂದ ಜಿನುಗುತ್ತಿತ್ತು. ಬಾತಿಮಾ ಮನೆಯ ನಲ್ಲಿ, ತೊಟ್ಟಿ, ನೆಲ ಎಲ್ಲವೂ ಒಣಗಿದ್ದವು. ಅವರು ಸೆಟೆದು ನಿಂತು ಬಾಯಿ ತೆರೆಯುವಷ್ಟರಲ್ಲಿ, ನೀರು ಅವರ ಮನೆಗಿಂತಲೂ ಮೇಲಿನಿಂದ ಬರುತ್ತಿರುವುದು ಕಂಡಿತು. ಏಳರಲ್ಲಿ ನೋಡಿದರು, ಇನ್ನೂ ಮೇಲೆ. ಎಂಟರಲ್ಲೂ ಹಾಗೆಯೇ. ಒಂಬತ್ತನೆಯದರ ಬಾಗಿಲಲ್ಲಿ ಕುಲ್ಯಾಷ್ ಅತ್ತೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು. ಎಲ್ಲರೂ ದಣಿದಿದ್ದೀರಿ, ಇವತ್ತಿಗೆ ಸಾಕು, ಚಹಾ ಆರಿಹೋಗುತ್ತದೆ ಎಂದರು.

"ಎಂಟು ನೋಡಿ ಒಂಬತ್ತನೇದು ಬಿಡೋದು ಪದ್ಧತಿ ಅಲ್ಲ," ಎಂದು ನೈಲ್ಯಾ ರಶೀದೊವ್ನಾ ಅವರ ತೋಳಿನ ಕೆಳಗಿನಿಂದಲೇ ಒಳಗೆ ಹೋದರು.

ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಹಿಟ್ಟಿನ ಮೂಟೆಯಿತ್ತು. ಮೂಟೆಯ ಹಿಂದೆ ಒಂದು ಹಳೆಯ ಬೋಗುಣಿ. ಬೋಗುಣಿ ತುಂಬಿ, ತುಳುಕಿ, ನೀರು ಸದ್ದಿಲ್ಲದೆ ಕೊಳಾಯಿಯ ಪಕ್ಕದ ಕಿಂಡಿಗೆ ಇಳಿಯುತ್ತಿತ್ತು. ಯಾರೋ ಬೋಗುಣಿ ಇಟ್ಟಿದ್ದರು ಎಂದರೆ ಯಾರಿಗೋ ಗೊತ್ತಿತ್ತು ಎಂದೇ ಅರ್ಥ. ಎಲ್ಲರೂ ಅತ್ತೆಯನ್ನು ನೋಡಿದರು. ಅತ್ತೆ ತೊಲೆಗೆನ್‌ನನ್ನು ನೋಡಿದರು.

"ನಿಂಗೆ ಸುಮ್ನಿರಕ್ಕೆ ಏನಾಗಿತ್ತು?" ಎಂದರು. "ಮೊದಲು ಹೇಳಿದ್ದೇ ಚೆನ್ನಾಗಿತ್ತಲ್ಲ."

ವೇರಾ ಬಾತಿಮಾ ಕಡೆ ತಿರುಗಿದರು. ಹನ್ನೆರಡು ವರ್ಷ ಇಬ್ಬರೂ ಪರಸ್ಪರರಿಗೆ ಅಂದದ್ದನ್ನೆಲ್ಲ ಒಂದೇ ಸಲ ನೆನೆಸಿಕೊಂಡರೋ ಏನೋ, ಮೊದಲು ಬಾತಿಮಾ ಬಾಯಿಗೆ ರುಮಾಲಿನ ತುದಿ ಒತ್ತಿಕೊಂಡರು, ಆಮೇಲೆ ವೇರಾ ನೆಲದ ಮೇಲೇ ಕೂತುಬಿಟ್ಟರು. ಇಬ್ಬರಲ್ಲಿ ಒಬ್ಬರದ್ದೂ ತಪ್ಪಿರಲಿಲ್ಲ. ಅವರು ನಗುವುದನ್ನು ಕಂಡು ಎರ್ಮುಖಾನ್ ನಕ್ಕರು, ಕೊನೆಗೆ ಅತ್ತೆಯೂ ನಕ್ಕರು. ಆ ಭಾನುವಾರ ದಂಡವಾಗಿ ಇಡೀ ಕಟ್ಟಡಕ್ಕೆ ಅತ್ತೆಯ ಕೈಯ ಬೆಷ್‌ಬರ್ಮಾಕ್, ಅಂದರೆ ಬೇಯಿಸಿದ ಮಾಂಸ ಮತ್ತು ಹಿಟ್ಟಿನ ಹಾಳೆಗಳ ಊಟವಾಯಿತು. ಅಣ್ಣತಮ್ಮಂದಿರು ಗ್ಯಾರೇಜಿನ ಬಾಗಿಲನ್ನೇ ಕಳಚಿ ತಂದು ಊಟದ ಮೇಜು ಮಾಡಿದರು.

ಮಂಗಳವಾರ ವಿಷಯ ಮಂಜೂರಾತಿಯ ಸಭೆ. ಅಂಥ ಸಭೆಗೆ ಹೊರಗಿನವರು ಎಂದೂ ಬಂದದ್ದಿಲ್ಲ. ಅಂದು ಕೊನೆಯ ಸಾಲಿನಲ್ಲಿ ಹಬ್ಬದ ರುಮಾಲು ಕಟ್ಟಿದ ಮೂವರು ಹೆಂಗಸರು ಕೂತಿದ್ದರು. ತೊಲೆಗೆನ್ ಈ ಸಲ ಕೊನೆಯಿಲ್ಲದ ಸಮಸ್ಯೆಯನ್ನೇ ಆರಿಸಿಕೊಂಡಿದ್ದ. ಅದು ಯಾಕೆ ಬಗೆಹರಿಯುವುದಿಲ್ಲ ಎಂದು ನಲವತ್ತು ನಿಮಿಷ ಹೇಳಿದ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಪ್ರಶ್ನೆಗಳಿವೆಯೇ ಎಂದು ಸಭೆಯ ಅಧ್ಯಕ್ಷರು ಕೇಳಿದರು. ಪ್ರಾಧ್ಯಾಪಕರಲ್ಲಿ ಯಾರೂ ಕೈಯೆತ್ತಲಿಲ್ಲ. ಬಾತಿಮಾ ಎದ್ದು ನಿಂತರು.

"ಎಲ್ಲಾನೂ ಒಂದೊಂದಾಗಿ ನೋಡ್ದೆ ತಾನೇ?"

"ಇಲ್ಲ ಬಾತಿಮಾ ಅಕ್ಕ. ಅವಕ್ಕೆ ಕೊನೆಯೇ ಇಲ್ಲ."

"ಕೊನೆ ಇದ್ದಿದ್ರೆ ನೋಡ್ತಿದ್ಯಾ?"

"ನೋಡ್ತಿದ್ದೆ."

"ಹಾಗಾದ್ರೆ ಸರಿ," ಎಂದು ಬಾತಿಮಾ ಸಭೆಗೆ ಹೇಳಿದರು. "ಅವನದ್ದೇನೂ ತಪ್ಪಿಲ್ಲ. ಪಾಸು ಮಾಡಿ."

ಇದನ್ನು ನಡಾವಳಿಯಲ್ಲಿ ಬರೆಯಬೇಕೇ ಬೇಡವೇ ಎಂದು ಕಾರ್ಯದರ್ಶಿ ತಲೆಯೆತ್ತಿ ನೋಡಿದ. ನೈಲ್ಯಾ ರಶೀದೊವ್ನಾ ಆಗಲೇ ಪೆನ್ನು ತೆಗೆದು ತಮ್ಮ ಸಹಿ ಹಾಕುತ್ತಿದ್ದರು.

"ಬರ್ಕೊಳಿ," ಎಂದರು. "ಅರ್ಥ ಮಾಡ್ಕೊಂಡು ಕೇಳಿದ ಪ್ರಶ್ನೆ ಈ ವರ್ಷ ಇದೊಂದೇ."